ಯಾವೂರು, ಯಾರ ಮನೆಯವರು, ಎಷ್ಟು ದಿನ ಇರ್ತೀರಿ?

ಕಂಪ್ಯೂಟರಿಗೆ ಒಂದು ಪೆನ್ ಡ್ರೈವ್ ಸಿಕ್ಕಿಸುತ್ತೇವೆ. ಒಂದೆರಡು ಸೆಕೆಂಡಿನಲ್ಲಿ ಪರದೆಯ ಮೂಲೆಯಲ್ಲಿ ಸೂಚನೆ ಮೂಡುತ್ತದೆ, ಹೊಸದೊಂದು ಡ್ರೈವ್ ಕಾಣಿಸಿಕೊಳ್ಳುತ್ತದೆ. ಆ ಒಂದೆರಡು ಸೆಕೆಂಡಿನಲ್ಲಿ ಒಳಗೆ ಒಂದು ವಿಚಾರಣೆ ನಡೆದು ಮುಗಿದಿರುತ್ತದೆ. ಹಳ್ಳಿಗೆ ಹೊಸಬರು ಬಂದರೆ ಜಗಲಿಯ ಮೇಲೆ ಕೂತ ಹಿರಿಯರು ಕೇಳುವ ಪ್ರಶ್ನೆಗಳೇ ಹೆಚ್ಚುಕಡಿಮೆ ಅಲ್ಲೂ ಇರುತ್ತವೆ: ಯಾವೂರು? ಯಾರ ಮನೆಯವರು? ಏನು ಕೆಲಸ ಮಾಡ್ತೀರಿ? ಎಷ್ಟು ದಿನ ಇರ್ತೀರಿ?

ಜಗಲಿಯ ಹಿರಿಯರಿಗೆ ಕಣ್ಣಿದೆ. ಬಂದವನ ಮುಖ, ಉಡುಪು, ಮಾತಿನ ಧಾಟಿ ನೋಡಿ ಅವನು ಹೇಳಿದ್ದು ನಿಜವೋ ಸುಳ್ಳೋ ಅಂದಾಜು ಮಾಡುತ್ತಾರೆ. ಆಪರೇಟಿಂಗ್ ಸಿಸ್ಟಮ್‌ಗೆ ಆ ಅನುಕೂಲವಿಲ್ಲ. ತನಗೆ ಜೋಡಿಸಿರುವುದು ಕೀಬೋರ್ಡೋ, ಕ್ಯಾಮೆರಾವೋ, ಡಿಸ್ಕೋ ಎಂದು ಅದು ನೋಡಿ ತಿಳಿಯಲಾರದು. ಸಾಧನದೊಳಗಿನ ಚಿಪ್ಪಿನಲ್ಲಿ ತಯಾರಕರು ಬರೆದಿಟ್ಟ ಸಣ್ಣ ತಂತ್ರಾಂಶ, ಅಂದರೆ ಫರ್ಮ್‌ವೇರ್, ಏನು ಹೇಳುತ್ತದೋ ಅದೇ ಅದಕ್ಕೆ ಸತ್ಯ. ಮದರ್‌ಬೋರ್ಡಿನ ಫರ್ಮ್‌ವೇರ್ ಕೂಡ ಒಂದಷ್ಟು ಸಾಕ್ಷಿ ಹೇಳುತ್ತದೆ. ಈ ಎರಡು ಹೇಳಿಕೆಗಳ ಆಧಾರದ ಮೇಲೆ ಯಂತ್ರ ಅತಿಥಿಗೆ ಜಾಗ ಕೊಡುತ್ತದೆ.

ಈ ನಂಬಿಕೆ ಹೇಗೆ ಹುಟ್ಟಿತು, ಅದರಿಂದ ಏನು ಅನುಕೂಲವಾಯಿತು, ಯಾರು ಅದನ್ನು ದುರುಪಯೋಗ ಮಾಡಿಕೊಂಡರು ಎಂಬುದು ನಾಲ್ಕು ದಶಕಗಳ ಕಥೆ. ಅದರಲ್ಲೂ 'ಎಷ್ಟು ದಿನ ಇರ್ತೀರಿ' ಎಂಬ ಕೊನೆಯ ಪ್ರಶ್ನೆ, ಎಂದರೆ ಈ ಸಾಧನ ಕಳಚಿಕೊಂಡು ಹೋಗುವಂಥದ್ದೋ ಅಲ್ಲವೋ ಎಂಬುದು, ಮೇಲ್ನೋಟಕ್ಕೆ ಕಾಣುವುದಕ್ಕಿಂತ ಬಹಳ ತೊಡಕಿನ ಪ್ರಶ್ನೆ.

ಎಲ್ಲವೂ ಮನುಷ್ಯನ ತಲೆಯಲ್ಲಿದ್ದ ಕಾಲ

1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರ್ ಬಿಡುಗಡೆ ಮಾಡಿದಾಗ ಅದರೊಳಗೆ ಕಾರ್ಡುಗಳನ್ನು ಚುಚ್ಚುವ ಕಿಂಡಿಗಳಿದ್ದವು. ಮುಂದೆ ಈ ಏರ್ಪಾಟಿಗೆ ಐಎಸ್‌ಎ ಎಂಬ ಹೆಸರು ಬಂತು. ಕಿಂಡಿಯಲ್ಲಿ ಕೂತ ಕಾರ್ಡು ತನ್ನ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ, ಕಂಪ್ಯೂಟರ್ ಕೂಡ ಕೇಳುತ್ತಿರಲಿಲ್ಲ. ಯಾವ ಕಾರ್ಡು ಯಾವ ವಿಳಾಸದಲ್ಲಿ ಮಾತಾಡಬೇಕು, ಪ್ರೊಸೆಸರಿನ ಗಮನ ಸೆಳೆಯಲು ಯಾವ ಐಆರ್‌ಕ್ಯೂ ತಂತಿಯನ್ನು ಬಳಸಬೇಕು ಎಂಬುದನ್ನೆಲ್ಲ ಕಾರ್ಡಿನ ಮೇಲಿದ್ದ ಪುಟ್ಟ ಜಂಪರುಗಳನ್ನು ಕೈಯಲ್ಲಿ ಕಿತ್ತು ಹಾಕಿ ಮನುಷ್ಯನೇ ನಿಗದಿ ಮಾಡಬೇಕಿತ್ತು.

ಮೊದಲ ಪಿಸಿಯಲ್ಲಿದ್ದದ್ದು ಎಂಟೇ ಐಆರ್‌ಕ್ಯೂ. ಅವುಗಳಲ್ಲೂ ಕೆಲವು ಗಡಿಯಾರಕ್ಕೆ, ಕೀಬೋರ್ಡಿಗೆ ಮೊದಲೇ ಮೀಸಲು. ಎರಡು ಕಾರ್ಡುಗಳು ಒಂದೇ ತಂತಿಯನ್ನು ಹಿಡಿದರೆ ಜಗಳ ಗ್ಯಾರಂಟಿ. ಸಿಂಗಪುರದ ಕ್ರಿಯೇಟಿವ್ ಕಂಪನಿಯ ಸೌಂಡ್ ಬ್ಲಾಸ್ಟರ್ ಕಾರ್ಡು 1989ರಲ್ಲಿ ಬಂದಾಗ ಅದರ ಸಿದ್ಧ ಹೊಂದಾಣಿಕೆ ಇದ್ದದ್ದು ಐಆರ್‌ಕ್ಯೂ 7ಕ್ಕೆ. ಪ್ರಿಂಟರಿನ ಮೊದಲ ಪೋರ್ಟ್ ಕೂಡ ಅದೇ 7ರಲ್ಲಿ ಕೂತಿತ್ತು. ಕಾಮ್ 1ರಲ್ಲಿ ಮೌಸ್, ಕಾಮ್ 3ರಲ್ಲಿ ಮೋಡೆಮ್ ಇಟ್ಟರೆ ಎರಡಕ್ಕೂ ಐಆರ್‌ಕ್ಯೂ 4. ಮೋಡೆಮ್ ಡಯಲ್ ಮಾಡಲು ಹೊರಟ ಕೂಡಲೇ ಮೌಸ್ ನಿಂತುಬಿಡುತ್ತಿತ್ತು.

ಬೆಂಗಳೂರಿನ ಎಸ್.ಪಿ. ರಸ್ತೆ, ಮುಂಬೈನ ಲ್ಯಾಮಿಂಗ್ಟನ್ ರೋಡ್, ಚೆನ್ನೈನ ರಿಚಿ ಸ್ಟ್ರೀಟ್, ದೆಹಲಿಯ ನೆಹರೂ ಪ್ಲೇಸ್‌ಗಳಲ್ಲಿ ಕಂಪ್ಯೂಟರ್ ಜೋಡಿಸುತ್ತಿದ್ದವರ ಬಂಡವಾಳ ಈ ಜ್ಞಾನವೇ ಆಗಿತ್ತು. ಯಾವ ಕಾರ್ಡಿಗೆ ಯಾವ ಜಂಪರ್ ಎಂಬುದು ಬಾಯಿಪಾಠವಾದವರಿಗೆ ಬೆಲೆ. ಯಂತ್ರದ ನಿಜವಾದ ಜಾತಕ ಯಂತ್ರದೊಳಗೆ ಇರಲಿಲ್ಲ. ಅದನ್ನು ಜೋಡಿಸಿದವನ ತಲೆಯಲ್ಲಿತ್ತು. ಆಗ ಸಾಮಾನ್ಯರ ಮಟ್ಟಿಗೆ ಕಳಚಬಹುದಾದದ್ದು ಎಂದರೆ ಫ್ಲಾಪಿ ಒಂದೇ. ಕಾರ್ಡು ತೆಗೆಯಬೇಕಾದರೆ ವಿದ್ಯುತ್ ಆರಿಸಿ, ತಿರುಪು ಬಿಚ್ಚಿ, ಪೆಟ್ಟಿಗೆ ತೆರೆಯಬೇಕು. ಹಾಗಾಗಿ 'ನೀನು ಹೋಗುವವನೋ ಇರುವವನೋ' ಎಂದು ಕಾರ್ಡನ್ನು ಕೇಳುವ ಪ್ರಮೇಯ ಬರಲೇ ಇಲ್ಲ.

ತಾನೇ ಹೆಸರು ಹೇಳುವ ಕಾರ್ಡು

1987ರಲ್ಲಿ ಎರಡು ಕಡೆ ಈ ಮೌನ ಮುರಿಯಿತು. ಆಪಲ್‌ನ ಮ್ಯಾಕಿಂಟಾಷ್ 2ರಲ್ಲಿ ನುಬಸ್ ಎಂಬ ಕಿಂಡಿಗಳಿದ್ದವು. ಅಲ್ಲಿ ಕೂರುವ ಪ್ರತಿ ಕಾರ್ಡಿನಲ್ಲೂ ಒಂದು ಚಿಪ್ ಕಡ್ಡಾಯ, ಅದರಲ್ಲಿ ಕಾರ್ಡಿನ ಪರಿಚಯ. ಅದನ್ನು ಡಿಕ್ಲರೇಷನ್ ರಾಮ್ ಎಂದು ಕರೆದರು; ನಮ್ಮ ಮಾತಿನಲ್ಲಿ ಘೋಷಣಾಪತ್ರ. ಅದೇ ವರ್ಷ ಐಬಿಎಂನ ಪಿಎಸ್/2 ಕಂಪ್ಯೂಟರುಗಳಲ್ಲಿ ಮೈಕ್ರೋ ಚಾನೆಲ್ ಕಿಂಡಿ ಬಂತು. ಅಲ್ಲೂ ಪ್ರತಿ ಕಾರ್ಡಿಗೆ 16 ಬಿಟ್ಟಿನ ಗುರುತಿನ ಸಂಖ್ಯೆ ಇತ್ತು. ಆದರೆ ಸಂಖ್ಯೆಯ ಅರ್ಥ ತಿಳಿಯಲು ಕಾರ್ಡಿನ ಜೊತೆ ಬಂದ ಫ್ಲಾಪಿಯಲ್ಲಿನ ವಿವರ ಬೇಕು. ಫ್ಲಾಪಿ ಕಳೆದುಹೋದರೆ ಕಾರ್ಡು ಹೆಸರು ಹೇಳಿದರೂ ಕಂಪ್ಯೂಟರಿಗೆ ಅದು ಯಾರೆಂದು ತಿಳಿಯದು.

1992ರಲ್ಲಿ ಇಂಟೆಲ್ ತಂದ ಪಿಸಿಐ ಈ ಪದ್ಧತಿಯನ್ನು ಎಲ್ಲರ ಮನೆಗೂ ತಲುಪಿಸಿತು. ಪ್ರತಿ ಪಿಸಿಐ ಸಾಧನದಲ್ಲೂ ನಿಗದಿತ ಜಾಗದಲ್ಲಿ ತಯಾರಕರ ಸಂಖ್ಯೆ, ಸಾಧನದ ಸಂಖ್ಯೆ, ಅದು ಯಾವ ವರ್ಗದ್ದು ಎಂಬ ಸಂಕೇತ ಇರಲೇಬೇಕು. ತಯಾರಕರ ಸಂಖ್ಯೆಗಳನ್ನು ಒಂದು ಒಕ್ಕೂಟ ಹಂಚುತ್ತದೆ. ಇಂಟೆಲ್ ತನಗೆ ಇಟ್ಟುಕೊಂಡದ್ದು 8086. 1978ರಲ್ಲಿ ಅದು ತಂದ ಹೆಸರುವಾಸಿ ಪ್ರೊಸೆಸರಿನ ಸಂಖ್ಯೆಯೇ ಅದು. ಕಂಪ್ಯೂಟರ್ ಒಂದೊಂದು ಕಿಂಡಿಯ ಹತ್ತಿರವೂ ಹೋಗಿ 'ಯಾರು?' ಎಂದು ಕೇಳುತ್ತದೆ. ಎಲ್ಲ ಬಿಟ್ಟುಗಳೂ 1 ಆಗಿ ಉತ್ತರ ಬಂದರೆ ಅಲ್ಲಿ ಯಾರೂ ಇಲ್ಲ ಎಂದು ಲೆಕ್ಕ.

ಹಳೆಯ ಐಎಸ್‌ಎ ಕಾರ್ಡುಗಳ ಗತಿ? ಅವೆಲ್ಲ ಒಂದೇ ತಂತಿಗಂಟಿಗೆ ಜೋತುಬಿದ್ದಿದ್ದವು. ಒಬ್ಬೊಬ್ಬರನ್ನೇ ಕರೆದು ಕೇಳುವ ದಾರಿ ಇರಲಿಲ್ಲ. 1993ರ ಪ್ಲಗ್ ಅಂಡ್ ಪ್ಲೇ ನಿಯಮಾವಳಿ ಇದಕ್ಕೊಂದು ಜಾಣ ಉಪಾಯ ಕಂಡುಕೊಂಡಿತು. ಹೊಸ ಕಾರ್ಡುಗಳಿಗೆಲ್ಲ 72 ಬಿಟ್ಟಿನ ಗುರುತು ಕೊಟ್ಟರು. ಕಂಪ್ಯೂಟರ್ ಒಂದೊಂದೇ ಬಿಟ್ಟನ್ನು ಕೇಳುತ್ತಾ ಹೋಗುತ್ತದೆ. ಆ ಸ್ಥಾನದಲ್ಲಿ 1 ಇರುವ ಕಾರ್ಡು ಉತ್ತರ ಕೊಡುತ್ತದೆ, 0 ಇರುವ ಕಾರ್ಡು ಸುಮ್ಮನೆ ಕೇಳಿಸಿಕೊಳ್ಳುತ್ತದೆ. ಬೇರೆ ಯಾರೋ ಉತ್ತರ ಕೊಟ್ಟದ್ದು ಕೇಳಿಸಿದರೆ ತಾನು ಈ ಸುತ್ತಿನಿಂದ ಹಿಂದೆ ಸರಿಯುತ್ತದೆ. 72 ಪ್ರಶ್ನೆ ಮುಗಿಯುವಾಗ ಉಳಿಯುವುದು ಒಂದೇ ಕಾರ್ಡು. ಅದಕ್ಕೊಂದು ಸಂಖ್ಯೆ ಕೊಟ್ಟು ಪಕ್ಕಕ್ಕೆ ಕೂರಿಸಿ, ಉಳಿದವರಿಗೆ ಮತ್ತೆ ಮೊದಲಿನಿಂದ ಆಟ.

1995ರ ಆಗಸ್ಟ್ 24ರಂದು ಬಂದ ವಿಂಡೋಸ್ 95 ಈ ಎಲ್ಲವನ್ನೂ ಜನಸಾಮಾನ್ಯರ ಮುಂದಿಟ್ಟಿತು. ಹಳೆಯ ಮೂಕ ಕಾರ್ಡುಗಳೂ ಹೊಸ ಮಾತಾಡುವ ಕಾರ್ಡುಗಳೂ ಒಂದೇ ಪೆಟ್ಟಿಗೆಯಲ್ಲಿದ್ದ ಕಾಲವಾದ್ದರಿಂದ ಹಲವೊಮ್ಮೆ ಗೊಂದಲವಾಗುತ್ತಿತ್ತು. 'ಪ್ಲಗ್ ಅಂಡ್ ಪ್ರೇ', ಅಂದರೆ ಚುಚ್ಚಿ ದೇವರಿಗೆ ಕೈಮುಗಿ, ಎಂಬ ಕುಹಕ ಹುಟ್ಟಿದ್ದು ಆಗಲೇ.

1986ರ ಒಂದು ಬಿಟ್

ಈ ಮಧ್ಯೆ ಡಿಸ್ಕುಗಳ ಲೋಕದಲ್ಲಿ ಬೇರೊಂದು ಸಂಪ್ರದಾಯ ಬೆಳೆದಿತ್ತು. 1986ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕವಾಗಿ ಒಪ್ಪಿಗೆ ಪಡೆದ ಸ್ಕಸಿ ಎಂಬ ಸಂಪರ್ಕ ಪದ್ಧತಿಯಲ್ಲಿ 'ಇನ್‌ಕ್ವೈರಿ' ಎಂಬ ಆದೇಶವಿದೆ. ಹೆಸರೇ ಹೇಳುವಂತೆ ಅದು ವಿಚಾರಣೆ. ಕಂಪ್ಯೂಟರ್ ಅದನ್ನು ಕಳಿಸಿದರೆ ಸಾಧನ ತಾನು ಡಿಸ್ಕೋ, ಟೇಪೋ, ಪ್ರಿಂಟರೋ ಎಂದು ಹೇಳಬೇಕು. ಉತ್ತರದ ಎರಡನೆಯ ಬೈಟಿನಲ್ಲಿ ಒಂದು ಬಿಟ್ ಇದೆ, ಆರ್‌ಎಂಬಿ ಎಂದು ಅದರ ಹೆಸರು. ಮಾಧ್ಯಮ ಕಳಚಬಹುದಾದದ್ದಾದರೆ 1, ಇಲ್ಲದಿದ್ದರೆ 0.

'ಮಾಧ್ಯಮ' ಎಂಬ ಮಾತನ್ನು ಇಲ್ಲಿ ಗಮನಿಸಬೇಕು. ಅಂದು ಸೈಕ್ವೆಸ್ಟ್, ಬರ್ನೂಲಿ ಮುಂತಾದ ಡ್ರೈವುಗಳಿದ್ದವು. ಅವುಗಳೊಳಗಿನ ಕಾರ್ಟ್ರಿಡ್ಜನ್ನು ಕ್ಯಾಸೆಟ್ಟಿನಂತೆ ಹೊರಗೆಳೆದು ಬೇರೊಂದು ಹಾಕಬಹುದಿತ್ತು. ಡ್ರೈವ್ ಮಾತ್ರ ಮೇಜಿನ ಮೇಲೆ ಸ್ಥಿರ. ಹಾಗಾಗಿ ಆ ಬಿಟ್ ಕೇಳುತ್ತಿದ್ದ ಪ್ರಶ್ನೆ ಇಷ್ಟೇ: ನಿನ್ನೊಳಗಿನ ಡಿಸ್ಕು ನಾಳೆ ಬೇರೆಯದಾಗಿರಬಹುದೇ? ಹೌದು ಎಂದರೆ ಆಪರೇಟಿಂಗ್ ಸಿಸ್ಟಮ್ ಪ್ರತಿ ಸಲವೂ 'ಡಿಸ್ಕು ಬದಲಾಗಿದೆಯೇ' ಎಂದು ಪರೀಕ್ಷಿಸಿಕೊಂಡು ಮುಂದುವರಿಯಬೇಕು. ಡ್ರೈವಿಗೆ ಡ್ರೈವೇ ಕಿಸೆಗೆ ಸೇರಿ ಎದ್ದು ಹೋಗಬಹುದು ಎಂಬ ಕಲ್ಪನೆ ಆ ನಿಯಮ ಬರೆದವರ ಎದುರಿಗಿರಲಿಲ್ಲ. ಕಥೆಯ ಮುಂದಿನ ಭಾಗದ ತೊಡಕುಗಳಲ್ಲಿ ಹಲವು ಈ ಒಂದು ಬಿಟ್ಟಿನಿಂದ ಹುಟ್ಟಿದವು.

ಯುಎಸ್‌ಬಿಯ ಪರಿಚಯ ಶಾಸ್ತ್ರ

ವಡೋದರಾದಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದ ಅಜಯ್ ಭಟ್ 1990ರಲ್ಲಿ ಇಂಟೆಲ್ ಸೇರಿದರು. ಪ್ರಿಂಟರಿಗೊಂದು, ಮೌಸಿಗೊಂದು, ಮೋಡೆಮಿಗೊಂದು ಬೇರೆ ಬೇರೆ ಪೋರ್ಟ್ ಏಕೆ, ವಿದ್ಯುತ್ ಪ್ಲಗ್ಗಿನ ಹಾಗೆ ಒಂದೇ ಇರಬಾರದೇ ಎಂಬುದು ಅವರ ವಾದ. ಕಾಂಪ್ಯಾಕ್, ಡೆಕ್, ಐಬಿಎಂ, ಇಂಟೆಲ್, ಮೈಕ್ರೋಸಾಫ್ಟ್, ಎನ್‌ಇಸಿ, ನಾರ್ಟೆಲ್ ಎಂಬ ಏಳು ಕಂಪನಿಗಳು ಸೇರಿ 1996ರ ಜನವರಿಯಲ್ಲಿ ಯುಎಸ್‌ಬಿಯ ಮೊದಲ ನಿಯಮಾವಳಿ ಹೊರತಂದವು.

ಯುಎಸ್‌ಬಿಯಲ್ಲಿ ಪರಿಚಯ ನಡೆಯುವ ಕ್ರಮ ಒಂದು ಶಾಸ್ತ್ರದಷ್ಟು ಕಟ್ಟುನಿಟ್ಟು. ಸಾಧನದೊಳಗೆ 1.5 ಕಿಲೋ ಓಮ್‌ನ ಒಂದು ರೆಸಿಸ್ಟರ್ ಇರುತ್ತದೆ. ಸಿಕ್ಕಿಸಿದ ಕೂಡಲೇ ಅದು ಎರಡು ದತ್ತಾಂಶ ತಂತಿಗಳಲ್ಲಿ ಒಂದರ ವೋಲ್ಟೇಜನ್ನು ಮೇಲಕ್ಕೆಳೆಯುತ್ತದೆ. ಯಾರೋ ಬಾಗಿಲು ತಟ್ಟಿದರು ಎಂದು ಕಂಪ್ಯೂಟರಿಗೆ ಗೊತ್ತಾಗುವುದು ಹೀಗೆ. ಯಾವ ತಂತಿ ಮೇಲೇರಿತು ಎಂಬುದರಿಂದಲೇ ಸಾಧನ ನಿಧಾನದ್ದೋ ವೇಗದ್ದೋ ಎಂದೂ ತಿಳಿಯುತ್ತದೆ. ಕಂಪ್ಯೂಟರ್ ಸಾಧನವನ್ನು ರಿಸೆಟ್ ಮಾಡುತ್ತದೆ. ಹೊಸದಾಗಿ ಬಂದವರೆಲ್ಲರ ತಾತ್ಕಾಲಿಕ ವಿಳಾಸ 0. ಆ ವಿಳಾಸಕ್ಕೆ ಕಂಪ್ಯೂಟರ್ ಪ್ರಶ್ನೆ ಕಳಿಸುತ್ತದೆ, 1ರಿಂದ 127ರ ಒಳಗೆ ಒಂದು ಖಾಯಂ ವಿಳಾಸ ಕೊಡುತ್ತದೆ, ಪೂರ್ತಿ ಪರಿಚಯಪತ್ರ ತರಿಸಿಕೊಳ್ಳುತ್ತದೆ.

ಆ ಪತ್ರದ ಮೊದಲ ಹಾಳೆ ಬರೀ 18 ಬೈಟ್. ತಯಾರಕರ ಸಂಖ್ಯೆ, ಉತ್ಪನ್ನದ ಸಂಖ್ಯೆ, ಆವೃತ್ತಿ, ವರ್ಗ, ಕ್ರಮಸಂಖ್ಯೆ ಎಲ್ಲಿ ಸಿಗುತ್ತದೆ ಎಂಬ ಸೂಚನೆ ಅದರಲ್ಲಿವೆ. ಮುಂದಿನ ಹಾಳೆಗಳಲ್ಲಿ ಕೆಲಸದ ವಿವರ. ಇಲ್ಲಿ ವರ್ಗದ ಸಂಕೇತವೇ ದೊಡ್ಡ ಕ್ರಾಂತಿ. 3 ಎಂದರೆ ಕೀಬೋರ್ಡು, ಮೌಸಿನಂಥ ಸಾಧನ; 7 ಎಂದರೆ ಪ್ರಿಂಟರ್; 8 ಎಂದರೆ ದತ್ತಾಂಶ ಸಂಗ್ರಹ. ವರ್ಗ ಗೊತ್ತಾದರೆ ಯಾವ ಕಂಪನಿಯದ್ದಾದರೂ ಸರಿ, ಆಪರೇಟಿಂಗ್ ಸಿಸ್ಟಮ್‌ನಲ್ಲಿ ಮೊದಲೇ ಇರುವ ಸಾಮಾನ್ಯ ಡ್ರೈವರ್ ಸಾಕು. ಬೇರೆ ಬೇರೆ ಊರಿನಲ್ಲಿ ಕೊಂಡ ಮೌಸುಗಳೆಲ್ಲ ಯಾವ ಸಿಡಿಯನ್ನೂ ಕೇಳದೆ ನಡೆಯುವುದು ಈ ಕಾರಣಕ್ಕೆ.

ಹೊಸದರಲ್ಲಿ ಎಲ್ಲವೂ ಸಲೀಸಾಗಿರಲಿಲ್ಲ. 1998ರ ಏಪ್ರಿಲ್ 20ರಂದು ಷಿಕಾಗೋದ ಕಾಮ್‌ಡೆಕ್ಸ್ ಮೇಳದಲ್ಲಿ ಬಿಲ್ ಗೇಟ್ಸ್ ವೇದಿಕೆಯ ಮೇಲೆ ನಿಂತಿದ್ದರು. ಅವರ ಸಹೋದ್ಯೋಗಿ ಕ್ರಿಸ್ ಕ್ಯಾಪೊಸೆಲಾ ವಿಂಡೋಸ್ 98 ಎಷ್ಟು ಸುಲಭವಾಗಿ ಹೊಸ ಸಾಧನವನ್ನು ಗುರುತಿಸುತ್ತದೆ ಎಂದು ತೋರಿಸಲು ಒಂದು ಸ್ಕ್ಯಾನರನ್ನು ಸಿಕ್ಕಿಸಿದರು. ಪರದೆ ನೀಲಿಯಾಯಿತು, ಯಂತ್ರ ಕುಸಿಯಿತು, ಸಭೆ ನಗೆಯಲ್ಲಿ ಮುಳುಗಿತು. ಇದಕ್ಕೇ ಇನ್ನೂ ಮಾರಾಟಕ್ಕೆ ಬಿಟ್ಟಿಲ್ಲ ಎಂಬರ್ಥದ ಮಾತಾಡಿ ಗೇಟ್ಸ್ ಸಾವರಿಸಿಕೊಂಡರು. ಅದೇ ವರ್ಷದ ಆಗಸ್ಟ್‌ನಲ್ಲಿ ಆಪಲ್ ತನ್ನ ಐಮ್ಯಾಕ್‌ನಲ್ಲಿ ಹಳೆಯ ಪೋರ್ಟುಗಳನ್ನು ಬಿಟ್ಟು ಯುಎಸ್‌ಬಿಯನ್ನು ನೆಚ್ಚಿಕೊಂಡ ಮೇಲೆ ಯುಎಸ್‌ಬಿಗೆ ನಿಜವಾದ ಕಾಲ ಬಂತು.

ಪೆನ್ ಡ್ರೈವ್ ಹೇಳುವ ಸುಳ್ಳು

2000ದಲ್ಲಿ ಸಿಂಗಪುರದ ಟ್ರೆಕ್ ಕಂಪನಿಯ ಥಂಬ್‌ಡ್ರೈವ್, ಇಸ್ರೇಲಿನ ಎಂ-ಸಿಸ್ಟಮ್ಸ್ ತಯಾರಿಸಿ ಐಬಿಎಂ ಮಾರಿದ 8 ಎಂಬಿಯ ಡಿಸ್ಕ್‌ಆನ್‌ಕೀ ಪೇಟೆಗೆ ಬಂದವು. ಪೆನ್ ಡ್ರೈವಿನ ಯುಗ ಆರಂಭವಾಯಿತು. ಡಿಸ್ಕುಗಳ ಮಾತುಕತೆಗೆ ಯುಎಸ್‌ಬಿ ಹೊಸ ಭಾಷೆ ಕಟ್ಟಲಿಲ್ಲ. ಸ್ಕಸಿಯ ಆದೇಶಗಳನ್ನೇ ಲಕೋಟೆಯಲ್ಲಿಟ್ಟು ಕಳಿಸಿತು. ಹಾಗೆ 1986ರ ಆ ಬಿಟ್ ಪೆನ್ ಡ್ರೈವಿನೊಳಗೆ ಬಂದು ಕೂತಿತು.

ಪೆನ್ ಡ್ರೈವಿನ ಮೆಮೊರಿ ಚಿಪ್ಪನ್ನು ಬೆಸುಗೆ ಹಾಕಿರುತ್ತಾರೆ. ಅದರೊಳಗಿನ ಮಾಧ್ಯಮ ಹೊರಬರುವುದಿಲ್ಲ. ನಿಯಮದ ಪ್ರಕಾರ ಅದು 0 ಎನ್ನಬೇಕು. ಆದರೆ ಬಹುಪಾಲು ಪೆನ್ ಡ್ರೈವುಗಳು 1 ಎನ್ನುತ್ತವೆ. ಇನ್ನೊಂದೆಡೆ ಯುಎಸ್‌ಬಿ ಕೇಬಲ್ಲಿಗೆ ಜೋತುಬಿದ್ದ ದೊಡ್ಡ ಹಾರ್ಡ್ ಡಿಸ್ಕು, ಅದೂ ಚೀಲದಲ್ಲಿ ತಿರುಗುವಂಥದ್ದೇ, 0 ಎನ್ನುತ್ತದೆ. ಲಿನಕ್ಸ್ ಬಳಸುವವರು ಇದನ್ನು ನೇರವಾಗಿ ನೋಡಬಹುದು. ಪ್ರತಿ ಡಿಸ್ಕಿಗೂ 'ರಿಮೂವಬಲ್' ಎಂಬ ಪುಟ್ಟ ಕಡತವಿರುತ್ತದೆ, ಅದರಲ್ಲಿ ಒಂದೇ ಅಂಕಿ. ಪೆನ್ ಡ್ರೈವಿಗೆ ಸಾಮಾನ್ಯವಾಗಿ 1, ಹೊರಗಿನ ಹಾರ್ಡ್ ಡಿಸ್ಕಿಗೆ 0.

ಈ ಒಂದು ಅಂಕಿಯಿಂದ ಆದ ವ್ಯತ್ಯಾಸ ಕಡಿಮೆಯಲ್ಲ. 1 ಎಂದ ಡ್ರೈವನ್ನು ವಿಂಡೋಸ್ ದೊಡ್ಡ ಫ್ಲಾಪಿಯಂತೆ ಕಂಡಿತು. ಅದರಲ್ಲಿ ಎಷ್ಟು ಪಾರ್ಟಿಷನ್ ಮಾಡಿದರೂ ಮೊದಲನೆಯದು ಮಾತ್ರ ಕಾಣುತ್ತಿತ್ತು. 2017ರ ವಿಂಡೋಸ್ 10ರ 1703 ಆವೃತ್ತಿಯಲ್ಲಿ ಈ ಕಟ್ಟು ಸಡಿಲವಾಯಿತು. ಇಡೀ ವಿಂಡೋಸನ್ನೇ ಪೆನ್ ಡ್ರೈವಿನಲ್ಲಿಟ್ಟು ಒಯ್ಯುವ 'ವಿಂಡೋಸ್ ಟು ಗೋ' ಎಂಬ ಸೌಲಭ್ಯ 2012ರಲ್ಲಿ ಬಂದಾಗ, ಅದಕ್ಕೆ ಪ್ರಮಾಣಪತ್ರ ಪಡೆದ ಡ್ರೈವುಗಳು ತಾವು ಸ್ಥಿರ ಡಿಸ್ಕು ಎಂದು ಹೇಳಬೇಕೆಂಬ ಷರತ್ತಿತ್ತು. ಕಿಸೆಯಲ್ಲಿ ಒಯ್ಯಲೆಂದೇ ಮಾಡಿದ ಡ್ರೈವ್ 'ನಾನು ಎಲ್ಲೂ ಹೋಗುವವನಲ್ಲ' ಎನ್ನಬೇಕಾಯಿತು.

ದತ್ತಾಂಶದ ಸುರಕ್ಷತೆಗೂ ಈ ಪ್ರಶ್ನೆಗೂ ನಂಟಿದೆ. ವೇಗಕ್ಕಾಗಿ ಆಪರೇಟಿಂಗ್ ಸಿಸ್ಟಮ್ ಬರೆಯಬೇಕಾದದ್ದನ್ನು ಕೂಡಲೇ ಡಿಸ್ಕಿಗೆ ಬರೆಯದೆ, ಸ್ವಲ್ಪ ಹೊತ್ತು ತನ್ನ ನೆನಪಿನಲ್ಲಿಟ್ಟುಕೊಳ್ಳುತ್ತದೆ. ಉಳಿಯುವ ಡಿಸ್ಕಿಗೆ ಇದು ಸರಿ. ಯಾವ ಗಳಿಗೆಯಲ್ಲಿ ಬೇಕಾದರೂ ಕಿತ್ತುಹೋಗುವ ಡಿಸ್ಕಿಗೆ ಅಪಾಯ. ವಿಂಡೋಸ್ 10ರ 1809 ಆವೃತ್ತಿಯಲ್ಲಿ ಮೈಕ್ರೋಸಾಫ್ಟ್ ಹೊರಗಿನ ಡಿಸ್ಕುಗಳಿಗೆಲ್ಲ ಈ ಉಳಿಕೆಯನ್ನು ಬಿಟ್ಟು, ಬೇಗ ಕಳಚಲು ಅನುಕೂಲವಾದ ಪದ್ಧತಿಯನ್ನೇ ಮಾಮೂಲು ಮಾಡಿತು. 'ಸುರಕ್ಷಿತವಾಗಿ ತೆಗೆಯಿರಿ' ಒತ್ತದೆ ಎಳೆಯುವ ಜನರ ಅಭ್ಯಾಸಕ್ಕೆ ಯಂತ್ರವೇ ಒಗ್ಗಿಕೊಂಡಿತು ಎನ್ನಬಹುದು.

ಮನೆಯ ಯಜಮಾನನ ಸಾಕ್ಷಿ

ಅತಿಥಿಯ ಮಾತನ್ನು ಮಾತ್ರ ನಂಬಿದರೆ ಸಾಲದು ಎಂಬುದು ಲ್ಯಾಪ್‌ಟಾಪುಗಳ ಕಾಲದಲ್ಲಿ ಸ್ಪಷ್ಟವಾಯಿತು. ಲ್ಯಾಪ್‌ಟಾಪಿನ ಕ್ಯಾಮೆರಾ ಒಳಗಿನಿಂದ ಯುಎಸ್‌ಬಿಗೇ ಜೋಡಣೆಯಾಗಿರುತ್ತದೆ. ಹೊರಗಿನಿಂದ ಸಿಕ್ಕಿಸಿದ ಕ್ಯಾಮೆರಾ ಕೂಡ ಅದೇ ಭಾಷೆಯಲ್ಲಿ ಮಾತಾಡುತ್ತದೆ. ಇಬ್ಬರ ಪರಿಚಯಪತ್ರ ನೋಡಿ ಯಾರು ಮನೆಯವರು, ಯಾರು ಬಂದವರು ಎಂದು ಹೇಳುವುದು ಕಷ್ಟ. ಅದು ಗೊತ್ತಿರುವುದು ಮನೆ ಕಟ್ಟಿದವನಿಗೆ, ಅಂದರೆ ಮದರ್‌ಬೋರ್ಡ್ ತಯಾರಕನಿಗೆ.

ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ 1996ರ ಡಿಸೆಂಬರ್‌ನಲ್ಲಿ ತಂದ ಎಸಿಪಿಐ ಎಂಬ ನಿಯಮಾವಳಿ ಈ ಸಾಕ್ಷಿಗೆ ದಾರಿ ಮಾಡಿತು. ಅದರ ಪ್ರಕಾರ ಕಂಪ್ಯೂಟರಿನ ಫರ್ಮ್‌ವೇರ್ ಕೆಲವು ಕೋಷ್ಟಕಗಳನ್ನು ಆಪರೇಟಿಂಗ್ ಸಿಸ್ಟಮ್‌ಗೆ ಕೊಡುತ್ತದೆ. ಮುಂದಿನ ಆವೃತ್ತಿಗಳಲ್ಲಿ ಪ್ರತಿ ಯುಎಸ್‌ಬಿ ಪೋರ್ಟಿನ ವಿವರವೂ ಅದರಲ್ಲಿ ಸೇರಿತು: ಈ ಪೋರ್ಟಿಗೆ ಏನಾದರೂ ಜೋಡಿಸಬಹುದೇ, ಅದು ಬಳಕೆದಾರನ ಕಣ್ಣಿಗೆ ಕಾಣುತ್ತದೆಯೇ, ಪೆಟ್ಟಿಗೆಯ ಮುಂದಿದೆಯೋ ಹಿಂದಿದೆಯೋ. ಪೋರ್ಟಿನ ಬಣ್ಣ ಬರೆಯಲಿಕ್ಕೂ ಜಾಗವಿದೆ. ಇದಲ್ಲದೆ ಯುಎಸ್‌ಬಿ ಹಬ್ಬುಗಳೂ ತಮ್ಮ ಯಾವ ಪೋರ್ಟಿನ ಸಾಧನ ಕಳಚಲು ಬಾರದ್ದು ಎಂದು ಹೇಳುತ್ತವೆ.

2009ರ ವಿಂಡೋಸ್ 7 ಇವನ್ನೆಲ್ಲ ಚೆನ್ನಾಗಿ ಬಳಸಿಕೊಂಡಿತು. ಮುದ್ರಿಸುವ, ಸ್ಕ್ಯಾನ್ ಮಾಡುವ, ಫ್ಯಾಕ್ಸ್ ಕಳಿಸುವ ಒಂದೇ ಯಂತ್ರ ಅದುವರೆಗೆ ಮೂರು ಬೇರೆ ಸಾಧನಗಳಾಗಿ ಕಾಣುತ್ತಿತ್ತು. ಒಂದೇ ಪೆಟ್ಟಿಗೆಯಲ್ಲಿರುವವಕ್ಕೆಲ್ಲ ಒಂದೇ ಮನೆಸಂಖ್ಯೆ ಕೊಡುವ 'ಕಂಟೇನರ್ ಐಡಿ' ಎಂಬ ಪದ್ಧತಿ ಬಂತು. ಸಾಧನವೇ ಆ ಸಂಖ್ಯೆ ಕೊಡದಿದ್ದರೆ ವಿಂಡೋಸ್ ಸಾಧನಗಳ ವಂಶವೃಕ್ಷದಲ್ಲಿ ಮೇಲಕ್ಕೆ ಹೋಗುತ್ತಾ, ಎಲ್ಲಿ ಮೊದಲು ಕಳಚುವಿಕೆ ಶುರುವಾಗುತ್ತದೆ ಎಂದು ನೋಡುತ್ತದೆ. ಅಲ್ಲಿಂದ ಕೆಳಗಿನದೆಲ್ಲ ಒಂದು ಮನೆ. ಕಳಚಲು ಬಾರದವೆಲ್ಲ ಕಂಪ್ಯೂಟರಿನ ಸ್ವಂತ ಮನೆ.

ಯಜಮಾನನ ಸಾಕ್ಷಿಯಲ್ಲೂ ಲೋಪಗಳಿರುತ್ತವೆ. ಒಳಗಿನ ಸಾಟಾ ಡಿಸ್ಕಿನ ಪೋರ್ಟನ್ನು ಬಯೋಸ್ 'ನಡೆಯುತ್ತಿರುವಾಗಲೇ ಕಳಚಬಹುದು' ಎಂದು ಬರೆದುಬಿಟ್ಟರೆ, ತಿರುಪು ಹಾಕಿ ಬಿಗಿದ ಡಿಸ್ಕನ್ನು ಕೂಡ ವಿಂಡೋಸ್ 'ಸುರಕ್ಷಿತವಾಗಿ ತೆಗೆಯಿರಿ' ಪಟ್ಟಿಯಲ್ಲಿ ತೋರಿಸುತ್ತದೆ. ವಿಎಂವೇರ್‌ನಂಥ ವರ್ಚುವಲ್ ಯಂತ್ರಗಳಲ್ಲಿ ನೆಟ್‌ವರ್ಕ್ ಕಾರ್ಡೇ ಆ ಪಟ್ಟಿಯಲ್ಲಿ ಬರುವುದುಂಟು. ಬೇರೆ ಊರಿನಿಂದ ಸರ್ವರ್ ನೋಡಿಕೊಳ್ಳುತ್ತಿರುವವರು ಅದನ್ನು ಒತ್ತಿದರೆ ಕೂತ ಕೊಂಬೆಯನ್ನೇ ಕಡಿದಂತೆ.

ಸುಳ್ಳು ಗುರುತಿನ ಲಾಭ

ಹೇಳಿದ್ದನ್ನೆಲ್ಲ ನಂಬುವ ಯಜಮಾನ ಸಿಕ್ಕಿದರೆ ವೇಷ ಹಾಕುವವರು ಬರದೆ ಇರುತ್ತಾರೆಯೇ? 2009ರ ಜೂನ್‌ನಲ್ಲಿ ಬಂದ ಪಾಮ್ ಪ್ರೀ ಫೋನು ಆಪಲ್‌ನ ಐಟ್ಯೂನ್ಸ್ ಎದುರು ತಾನು ಐಪಾಡ್ ಎಂದು ಹೇಳಿಕೊಂಡಿತು. ಪಾಮ್‌ನಲ್ಲಿ ಆ ಯೋಜನೆಯ ಹಿಂದಿದ್ದ ಜಾನ್ ರೂಬಿನ್‌ಸ್ಟೈನ್ ಹಿಂದೆ ಆಪಲ್‌ನಲ್ಲಿ ಐಪಾಡ್ ವಿಭಾಗ ನೋಡಿಕೊಂಡಿದ್ದವರು. ಜುಲೈನಲ್ಲಿ ಆಪಲ್ ಐಟ್ಯೂನ್ಸ್ ಬದಲಿಸಿ ಬಾಗಿಲು ಹಾಕಿತು. ಪಾಮ್ ತನ್ನ ತಂತ್ರಾಂಶ ಬದಲಿಸಿ ಆಪಲ್‌ನ ತಯಾರಕ ಸಂಖ್ಯೆಯನ್ನೇ ಹೇಳತೊಡಗಿತು, ಜೊತೆಗೆ ಆಪಲ್ ಮೇಲೆ ಯುಎಸ್‌ಬಿ ಒಕ್ಕೂಟಕ್ಕೆ ದೂರನ್ನೂ ಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ಒಕ್ಕೂಟ ಆಪಲ್ ಪರವಾಗಿ ನಿಂತು, ಬೇರೆಯವರ ಸಂಖ್ಯೆ ಬಳಸುವುದು ನಿಯಮಬಾಹಿರ ಎಂದು ಪಾಮ್‌ಗೇ ಬುದ್ಧಿ ಹೇಳಿತು. ಗುರುತು ಎಂಬುದು ಸುಲಭವಾಗಿ ಬದಲಿಸಬಹುದಾದ ನಾಲ್ಕು ಅಂಕಿಯಷ್ಟೇ ಎಂಬುದು ಜಗತ್ತಿಗೆ ತಿಳಿಯಿತು.

ಆಟೋರನ್ ಕಥೆ ಇದಕ್ಕಿಂತ ಗಂಭೀರ. ಸಿಡಿ ಹಾಕಿದ ಕೂಡಲೇ ಅದರಲ್ಲಿನ ತಂತ್ರಾಂಶ ತಾನೇ ಓಡುವ ಸೌಲಭ್ಯ ವಿಂಡೋಸ್ 95ರಿಂದ ಇತ್ತು. ಪೆನ್ ಡ್ರೈವಿಗೆ ವಿಂಡೋಸ್ ಅಷ್ಟು ಸಲಿಗೆ ಕೊಟ್ಟಿರಲಿಲ್ಲ. ಯು3 ಎಂಬ ಬಗೆಯ ಪೆನ್ ಡ್ರೈವುಗಳು ಇದಕ್ಕೆ ದಾರಿ ಹುಡುಕಿದವು: ಸಿಕ್ಕಿಸಿದಾಗ ತಾವು ಎರಡು ಸಾಧನ ಎಂದು ಹೇಳಿಕೊಳ್ಳುವುದು, ಒಂದು ಸಿಡಿ ಡ್ರೈವ್, ಇನ್ನೊಂದು ಮಾಮೂಲಿ ಡಿಸ್ಕು. ಸಿಡಿ ಎಂದರೆ ಸಾಕು, ಬಾಗಿಲು ತೆರೆಯುತ್ತಿತ್ತು. 2008ರ ಕೊನೆಯಲ್ಲಿ ಹರಡಿದ ಕಾನ್‌ಫಿಕರ್ ವೈರಸ್ಸು ಪೆನ್ ಡ್ರೈವ್ ಹಾಕಿದಾಗ ತೆರೆಯುವ ಕಿಟಕಿಯಲ್ಲಿ 'ಕಡತಗಳನ್ನು ನೋಡಿ' ಎಂಬ ನಕಲಿ ಸಾಲನ್ನು ಸೇರಿಸಿ ಜನರ ಕೈಯಿಂದಲೇ ತನ್ನನ್ನು ಓಡಿಸಿಕೊಂಡಿತು. ಅದೇ ನವೆಂಬರ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ತನ್ನ ಕಂಪ್ಯೂಟರುಗಳಲ್ಲಿ ಪೆನ್ ಡ್ರೈವ್ ಬಳಕೆಯನ್ನೇ ನಿಷೇಧಿಸಿತು. ವಿಂಡೋಸ್ 7ರಲ್ಲೂ, 2011ರ ಫೆಬ್ರವರಿಯಲ್ಲಿ ಹಳೆಯ ಆವೃತ್ತಿಗಳಲ್ಲೂ ಮೈಕ್ರೋಸಾಫ್ಟ್ ಪೆನ್ ಡ್ರೈವುಗಳಿಗೆ ಆಟೋರನ್ ಮುಚ್ಚಿತು. ಆದರೆ ಸಿಡಿ ಎಂದು ಹೇಳಿಕೊಳ್ಳುವವುಗಳಿಗೆ ಬಾಗಿಲು ತೆರೆದೇ ಇತ್ತು.

2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಇರಾನಿನ ನತಾಂಜ್ ಪರಮಾಣು ಘಟಕವನ್ನು ಗುರಿಯಾಗಿಸಿಕೊಂಡಿತ್ತು. ಹೊರ ಜಾಲದ ಸಂಪರ್ಕವೇ ಇಲ್ಲದ ಜಾಗಗಳನ್ನು ಮುಟ್ಟಲು ಅದು ಪೆನ್ ಡ್ರೈವ್ ಬಳಸಿತು. ಕಡತದ ಪುಟ್ಟ ಚಿತ್ರವನ್ನು ವಿಂಡೋಸ್ ಪರದೆಯ ಮೇಲೆ ತೋರಿಸಿದರೆ ಸಾಕು, ಸೋಂಕು ತಗಲುತ್ತಿತ್ತು. ಸೋಂಕು ತಗಲಿದ ಕಂಪ್ಯೂಟರುಗಳ ಲೆಕ್ಕದಲ್ಲಿ ಇರಾನ್, ಇಂಡೊನೇಷ್ಯಾ ನಂತರದ ಸ್ಥಾನ ಭಾರತದ್ದು.

ಇವೆಲ್ಲ ಡ್ರೈವಿನೊಳಗಿನ ಕಡತಗಳ ಮೂಲಕ ನಡೆದದ್ದು. 2014ರ ಆಗಸ್ಟ್‌ನಲ್ಲಿ ಬರ್ಲಿನ್ನಿನ ಸಂಶೋಧಕರಾದ ಕಾರ್ಸ್ಟನ್ ನೋಲ್, ಯಾಕೋಬ್ ಲೆಲ್ ಲಾಸ್ ವೇಗಸ್ಸಿನ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ತೋರಿಸಿದ 'ಬ್ಯಾಡ್‌ಯುಎಸ್‌ಬಿ' ಬುಡಕ್ಕೇ ಕೈಹಾಕಿತು. ಅವರು ಪೆನ್ ಡ್ರೈವಿನ ಫರ್ಮ್‌ವೇರನ್ನೇ ತಿದ್ದಿ ಬರೆದರು. ಆಗ ಪೆನ್ ಡ್ರೈವ್ ತಾನು ಕೀಬೋರ್ಡ್ ಎಂದು ಹೇಳುತ್ತದೆ. ವರ್ಗ 3 ಎಂದು ಕೇಳಿದ ಕೂಡಲೇ ಕಂಪ್ಯೂಟರ್ ನಂಬುತ್ತದೆ. ಆಮೇಲೆ ಅದು ಮನುಷ್ಯ ಟೈಪ್ ಮಾಡಿದಂತೆ ಆದೇಶಗಳನ್ನು ಟೈಪ್ ಮಾಡುತ್ತದೆ. ಆಂಟಿವೈರಸ್ಸಿಗೆ ಇಲ್ಲಿ ಹುಡುಕಲು ಕಡತವೇ ಇಲ್ಲ; ಡ್ರೈವನ್ನು ಫಾರ್ಮ್ಯಾಟ್ ಮಾಡಿದರೂ ಫರ್ಮ್‌ವೇರ್ ಅಳಿಸಿಹೋಗುವುದಿಲ್ಲ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಗುರುತಿನ ಯುದ್ಧ ತಿರುಗುಮುರುಗಾಯಿತು. ಸ್ಕಾಟ್ಲೆಂಡಿನ ಎಫ್‌ಟಿಡಿಐ ಕಂಪನಿಯ ಚಿಪ್ಪುಗಳ ನಕಲಿ ಪೇಟೆಯಲ್ಲಿ ತುಂಬಿತ್ತು. ವಿಂಡೋಸ್ ಅಪ್‌ಡೇಟ್ ಮೂಲಕ ಬಂದ ಕಂಪನಿಯ ಹೊಸ ಡ್ರೈವರ್ ನಕಲಿ ಚಿಪ್ಪುಗಳ ಉತ್ಪನ್ನ ಸಂಖ್ಯೆಯನ್ನು 0 ಎಂದು ಬದಲಿಸಿತು. ಹೆಸರೇ ಇಲ್ಲದಾದ ಸಾಧನವನ್ನು ಯಾವ ಕಂಪ್ಯೂಟರೂ ಗುರುತಿಸದಾಯಿತು. ಒಳಗೆ ಯಾವ ಚಿಪ್ಪಿದೆ ಎಂದು ತಿಳಿಯದೆ ಉಪಕರಣ ಕೊಂಡ ಬಳಕೆದಾರರಿಗೆ ಪೆಟ್ಟು ಬಿತ್ತು. ಆಕ್ರೋಶ ಹೆಚ್ಚಾದಾಗ ಆ ಡ್ರೈವರನ್ನು ಹಿಂತೆಗೆದುಕೊಂಡರು.

ರೈಲ್ವೆ ನಿಲ್ದಾಣದ ಹೊರಗೆ, ಆನ್‌ಲೈನ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಭಾರೀ ಗಾತ್ರದ ಪೆನ್ ಡ್ರೈವುಗಳ ಮೋಸವೂ ಇದೇ ಜಾತಿಯದ್ದು. ಒಳಗೆ 8 ಜಿಬಿಯ ಚಿಪ್ಪು, ಫರ್ಮ್‌ವೇರ್ ಹೇಳುವುದು 512 ಜಿಬಿ. ಕಂಪ್ಯೂಟರ್ ಅದನ್ನೇ ತೋರಿಸುತ್ತದೆ. 8 ಜಿಬಿ ದಾಟಿ ಬರೆದ ಮದುವೆ ಫೋಟೊಗಳು ಸದ್ದಿಲ್ಲದೆ ಮಾಯವಾಗುತ್ತವೆ. ಇದನ್ನು ಹಿಡಿಯಲು ಇರುವ ಭರವಸೆಯ ದಾರಿ ಒಂದೇ: ಡ್ರೈವನ್ನು ಪೂರ್ತಿ ತುಂಬಿಸಿ, ಬರೆದದ್ದು ಹಾಗೇ ಇದೆಯೇ ಎಂದು ಮತ್ತೆ ಓದಿ ನೋಡುವುದು.

ಮತ್ತೆ ಮನುಷ್ಯನ ಹತ್ತಿರ

ಕಳೆದ ಹತ್ತು ವರ್ಷಗಳಲ್ಲಿ ಹಳೆಯ ಪ್ರಶ್ನೆ ಹೊಸ ರೂಪ ಪಡೆದಿದೆ. ಥಂಡರ್‌ಬೋಲ್ಟ್ ಪೋರ್ಟಿನ ಮೂಲಕ ಹೊರಗಿನ ಸಾಧನವೂ ಪಿಸಿಐ ಕಾರ್ಡಿನಂತೆ ಕಂಪ್ಯೂಟರಿನ ಮೆಮೊರಿಯನ್ನು ನೇರವಾಗಿ ಮುಟ್ಟಬಲ್ಲದು. ಒಳಗಿನ ಕಾರ್ಡಿಗೆ ಈ ಸ್ವಾತಂತ್ರ್ಯ ಕೊಡಬಹುದು, ಹೊರಗಿನಿಂದ ಬಂದದ್ದಕ್ಕೆ ಕೊಟ್ಟರೆ ಅಪಾಯ. ಹಾಗಾಗಿ ಯಾವ ಪೋರ್ಟ್ ಹೊರಮುಖವಾಗಿದೆ ಎಂದು ಮದರ್‌ಬೋರ್ಡಿನ ಫರ್ಮ್‌ವೇರ್ ಗುರುತು ಹಾಕುತ್ತದೆ. 2018ರ ವಿಂಡೋಸ್ 10ರ 1803 ಆವೃತ್ತಿಯಿಂದ ವಿಂಡೋಸ್, 2019ರ 5.0 ಆವೃತ್ತಿಯಿಂದ ಲಿನಕ್ಸ್ ಆ ಗುರುತನ್ನು ನೋಡಿ, ಅದರಾಚೆಗಿನ ಸಾಧನಗಳಿಗೆ ಮೆಮೊರಿಯ ಸೀಮಿತ ಭಾಗವನ್ನಷ್ಟೇ ಬಿಟ್ಟುಕೊಡುತ್ತವೆ. 'ನೀನು ಕಳಚಿಕೊಂಡು ಹೋಗುವವನೇ' ಎಂಬ ಪ್ರಶ್ನೆಯ ಹಿಂದೆ ಒಂದು ಕಾಲದಲ್ಲಿ ಇದ್ದದ್ದು ಡಿಸ್ಕು ಬದಲಾದೀತೆಂಬ ಚಿಂತೆ. ಈಗ ಅದರ ಹಿಂದಿರುವುದು ನಿನ್ನನ್ನು ಎಷ್ಟು ನಂಬಬೇಕು ಎಂಬ ಲೆಕ್ಕ.

ಇನ್ನೊಂದು ಬದಲಾವಣೆ ನಮ್ಮ ಕಣ್ಣಿಗೇ ಕಾಣುತ್ತದೆ. 2018ರ ಜುಲೈನಿಂದ ಐಫೋನು ಬೀಗ ಹಾಕಿ ಒಂದು ಗಂಟೆ ಕಳೆದರೆ, ಬೀಗ ತೆರೆಯುವವರೆಗೆ ಹೊಸ ಯುಎಸ್‌ಬಿ ಸಾಧನದೊಡನೆ ದತ್ತಾಂಶದ ಮಾತು ಆಡುವುದಿಲ್ಲ. 2022ರ ಮ್ಯಾಕ್‌ಓಎಸ್ ವೆಂಚುರಾದಿಂದ ಆಪಲ್‌ನ ಸ್ವಂತ ಚಿಪ್ಪಿರುವ ಲ್ಯಾಪ್‌ಟಾಪುಗಳಿಗೆ ಹೊಸ ಸಾಧನ ಸಿಕ್ಕಿಸಿದರೆ, ಇದನ್ನು ಸೇರಿಸಿಕೊಳ್ಳಲೇ ಎಂದು ಪರದೆಯ ಮೇಲೆ ಪ್ರಶ್ನೆ ಬರುತ್ತದೆ. ಲಿನಕ್ಸಿನಲ್ಲೂ ಒಪ್ಪಿಗೆ ಕೊಟ್ಟ ಸಾಧನಗಳನ್ನು ಮಾತ್ರ ಒಳಬಿಡುವ ವ್ಯವಸ್ಥೆ ಇದೆ.

ಜಂಪರ್ ಕಾಲದಲ್ಲಿ ಎಲ್ಲವನ್ನೂ ಮನುಷ್ಯನೇ ಹೇಳಬೇಕಿತ್ತು. ಆ ಭಾರ ಇಳಿಸಲು ಸಾಧನಗಳಿಗೆ ಮಾತು ಕಲಿಸಿದೆವು, ಅವು ಹೇಳಿದ್ದನ್ನು ಯಂತ್ರ ನಂಬಿತು. ಇಂದು ಸಾಧನ ತನ್ನ ಕಥೆ ಹೇಳಿ ಮುಗಿಸಿದ ಮೇಲೆ ಯಂತ್ರ ನಮ್ಮ ಕಡೆ ತಿರುಗಿ, ಇವರನ್ನು ನೀವು ಬಲ್ಲಿರಾ ಎಂದು ಕೇಳುತ್ತಿದೆ. ಮೀಟಿಂಗ್ ಕೋಣೆಯಲ್ಲಿ ಯಾರೋ ಬಿಟ್ಟುಹೋದ ಪೆನ್ ಡ್ರೈವ್, ವಿಮಾನ ನಿಲ್ದಾಣದಲ್ಲಿ ಯಾರೋ ಕೊಟ್ಟ ಕೇಬಲ್ಲು ಕೈಯಲ್ಲಿರುವಾಗ ಆ ಪ್ರಶ್ನೆ ಬಂದರೆ, ಅಭ್ಯಾಸಬಲದಿಂದ 'ಹೌದು' ಒತ್ತುವ ಮುನ್ನ ಒಂದು ಕ್ಷಣ ತಡೆಯುವುದು ಒಳ್ಳೆಯದು. ಯಂತ್ರಕ್ಕೆ ಕಾಣದ ಒಂದು ಸಂಗತಿ ನಮಗೆ ಕಾಣುತ್ತದೆ: ಅದನ್ನು ಕೊಟ್ಟವರು ಯಾರು ಎಂಬುದು.